ಸುಳ್ಳು ಪಾಪಗಳ ಮೇಷ್ಟ್ರು

ನಮ್ಮ ದೊಡ್ಡಪ್ಪ ಮಕ್ಕಳಿಗೆ ಪಾಪ ಮಾಡುವುದನ್ನು ಕಲಿಸುತ್ತಿದ್ದರು. ಅದೂ ಫಾದರ್ ಒಪ್ಪಿಗೆ ಪಡೆದು, ಪ್ರತಿ ಭಾನುವಾರ!

ಬಾಳೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅವರು ಲೆಕ್ಕಪತ್ರ ಬರೆಯುವ ರೈಟರ್. ಪೂಜೆಗೆ ಫಾದರ್ ಬರುತ್ತಿದ್ದುದು ತಿಂಗಳಿಗೊಮ್ಮೆ. ಹಾಗಾಗಿ ಸುತ್ತಲಿನ ಕ್ರೈಸ್ತ ಮನೆಗಳ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಕೆಲಸ ದೊಡ್ಡಪ್ಪನದಾಗಿತ್ತು. ಮಕ್ಕಳು ಮೊದಲ ಬಾರಿ ಪರಮಪ್ರಸಾದ ಸ್ವೀಕರಿಸುವ ಮುಂಚೆ ಫಾದರ್ ಬಳಿ ತಮ್ಮ ಪಾಪಗಳನ್ನು ಹೇಳಿಕೊಳ್ಳಬೇಕಲ್ಲ? ಅದಕ್ಕೊಂದು ರಿಹರ್ಸಲ್ ಬೇಡವೇ? ಚರ್ಚಿನಲ್ಲಿ ಪಾಪ ಕೇಳುವ ಫಾದರ್ ಮುಂದಿರುವ ಜಾಲರಿಗೆ ಬದಲಾಗಿ ದೊಡ್ಡಪ್ಪ ಜಗುಲಿಯಲ್ಲಿ ಕಾಫಿ ಜರಡಿಯೊಂದನ್ನು ತೂಗುಹಾಕಿ, ಅದರ ಹಿಂದೆ ಕಿವಿಯೊಡ್ಡಿ ಕೂರುತ್ತಿದ್ದರು.

"ನಾನು ಫಾದರ್ ಅಲ್ಲ. ನಿಮ್ಮ ನಿಜವಾದ ಪಾಪ ಕೇಳೋ ಹಕ್ಕು ನಂಗಿಲ್ಲ. ಯಾವುದಾದ್ರೂ ಸುಳ್ಳು ಪಾಪ ಹೇಳಿ."

"ಎಸ್ಟೇಟ್ ಜೀಪು ಕದ್ದೆ," ಎಂದಳು ಒಬ್ಬ ಹುಡುಗಿ.

"ಎಷ್ಟು ಸಲ?"

"ಎರಡು ಸಲ."

"ಮಧ್ಯದಲ್ಲಿ ವಾಪಸ್ ತಂದಿಟ್ಟಿದ್ದೆ ಅಂತಾಯ್ತು. ಅದನ್ನೂ ಹೇಳ್ಬೇಕು, ಪುಣ್ಯ ಬರುತ್ತೆ."

ಮಕ್ಕಳು ಎಷ್ಟು ಚೆನ್ನಾಗಿ ಕಲಿತರೆಂದರೆ, ನಿಜವಾದ ಪಾಪನಿವೇದನೆಯ ದಿನ ಫಾದರ್ ಮುಂದೆಯೂ ಇವನ್ನೇ ಒಪ್ಪಿಸಿ ಬಂದರು. ಪಾಪ, ಫಾದರ್ ಅಲ್ಲಿ ಕೇಳಿದ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವ ಹಾಗಿಲ್ಲ. ಆಮೇಲೆ ಕಾಫಿ ಕುಡಿಯುತ್ತಾ ಸುಮ್ಮನೆ ವಿಚಾರಿಸಿದರಂತೆ: "ರೈಟರೇ, ನಿಮ್ಮ ಎಸ್ಟೇಟಲ್ಲಿ ಒಟ್ಟು ಎಷ್ಟು ಜೀಪಿದೆ?"

ಪರಮಪ್ರಸಾದದ ತೆಳು ರೊಟ್ಟಿಯನ್ನು ಹಲ್ಲಿಗೆ ತಾಗಿಸದೆ ನುಂಗುವ ಅಭ್ಯಾಸ ಹಲಸಿನ ಹಪ್ಪಳದ ಚೂರಿನಲ್ಲಿ ನಡೆಯುತ್ತಿತ್ತು. ಕರುಂ ಎಂದು ಸದ್ದಾದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಕೊನೆಗೆ ನಿಂತವರಿಗೆ ಇನ್ನೊಂದು ಚೂರು ಸಿಗುತ್ತದೆಂದು ಗೊತ್ತಾದ ಮೇಲೆ, ಸದ್ದು ಮಾಡದ ಮಗುವೇ ಇರಲಿಲ್ಲ.

ಇವನ್ನೆಲ್ಲ ನಾನು ಕಣ್ಣಾರೆ ಕಂಡೆನೋ, ಮನೆಯವರು ಹೇಳಿ ಹೇಳಿ ಕಂಡಂತಾಯಿತೋ, ಈಗ ಖಚಿತವಿಲ್ಲ. ಮುಂದಿನದನ್ನು ಮಾತ್ರ ಕಂಡಿದ್ದೇನೆ.

ದೊಡ್ಡಪ್ಪನಿಗೆ ಒಬ್ಬಳೇ ಮಗಳು. ಅಕ್ಕ ಚಿಕ್ಕಮಗಳೂರಿನಲ್ಲಿ ಓದುವಾಗ ಜೊತೆಯಲ್ಲಿದ್ದ ಹುಡುಗನನ್ನು ಮೆಚ್ಚಿದಳು. ಆಲ್ದೂರು ಕಡೆಯ ಹಿಂದೂ ಬೆಳೆಗಾರರ ಮನೆಯವನು. ಹುಡುಗನ ತಂದೆ ಒಳ್ಳೆಯವರು, ಆದರೆ ದೊಡ್ಡಪ್ಪನ ಜರಡಿಯ ಕೀರ್ತಿ ಅವರವರೆಗೂ ಮುಟ್ಟಿತ್ತು.

"ನಿಮ್ಮ ಮಗಳು ಚರ್ಚಿಗೆ ಹೋಗ್ಲಿ, ನಾವು ಬೇಡ ಅನ್ನಲ್ಲ. ಮೊಮ್ಮಕ್ಕಳಿಗೆ ಮಾತ್ರ ನೀವು ಪಾಠ ಮಾಡ್ಬಾರ್ದು. ಅಷ್ಟು ಮಾತು ಕೊಡಿ."

ದೊಡ್ಡಪ್ಪ ಕೊಟ್ಟರು.

ಮೊಮ್ಮಗಳು ಹುಟ್ಟಿ ಮಾತು ಕಲಿತ ಮೇಲೆ ಅವರ ಪಾಡು ನೋಡಬೇಕಿತ್ತು! ಅವಳು ಮನೆಗೆ ಬಂದಾಗ ಊಟದ ಪ್ರಾರ್ಥನೆಯನ್ನು ಅಡುಗೆಮನೆಯ ಬಾಗಿಲ ಹಿಂದೆ ಮುಗಿಸಿ ಬರುತ್ತಿದ್ದರು. ಮಗು ಎಡವಿ ಬಿದ್ದರೆ "ಯೇ" ಎಂದು ಬಾಯಿಗೆ ಬಂದ ಹೆಸರನ್ನು ಅಲ್ಲೇ ತಡೆದು, "ಏನಾಯ್ತು ಪುಟ್ಟಾ" ಎನ್ನುತ್ತಿದ್ದರು. ಕ್ರಿಸ್‌ಮಸ್‌ಗೆ ಕಟ್ಟಿದ ನಕ್ಷತ್ರ ಯಾಕಜ್ಜ ಎಂದು ಅವಳು ಕೇಳಿದರೆ, "ಆಗಾಗ ಕರೆಂಟ್ ಹೋಗುತ್ತಲ್ಲ, ಅದಕ್ಕೆ." ಆ ನಕ್ಷತ್ರ ಉರಿಯುತ್ತಿದ್ದುದೂ ಕರೆಂಟಿನಿಂದಲೇ. ನಾವು ನಕ್ಕೆವು.

ದೊಡ್ಡಮ್ಮ ನಗಲಿಲ್ಲ. "ಊರ ಮಕ್ಕಳಿಗೆಲ್ಲ ಸ್ವರ್ಗಕ್ಕೆ ದಾರಿ ತೋರ್ಸಿದ್ರಿ. ನಮ್ಮ ಕೂಸನ್ನ ಮಾತ್ರ ಬಸ್‌ಸ್ಟ್ಯಾಂಡಲ್ಲೇ ಬಿಟ್ರಿ."

"ಮಾತು ಕೊಟ್ಟಿದೀನಿ ಮಾರಾಯ್ತಿ. ಮಾತು ತಪ್ಪೋ ಅಜ್ಜ ಅವಳಿಗೆ ಎಂತ ಕಲಿಸ್ಲಿಕ್ಕಾಗುತ್ತೆ?" ಎಂದ ದೊಡ್ಡಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಅವರು ತೀರಿಕೊಳ್ಳುವುದಕ್ಕೆ ಹಿಂದಿನ ಬೇಸಿಗೆ. ಭಾನುವಾರದ ಪಾಠ ನಡೆದಿತ್ತು. ಅಮ್ಮನ ಜೊತೆ ಬಂದಿದ್ದ ಮೊಮ್ಮಗಳು ಚಾಪೆಯ ತುದಿಯಲ್ಲಿ ಬಂದು ಕೂತಳು.

"ಅಜ್ಜ, ನಂಗೂ."

"ನಿಂಗೆ ಇದು ಬೇಡ ಪುಟ್ಟಾ. ಹೋಗಿ ಆಡ್ಕೋ."

"ಅವ್ರಿಗೆಲ್ಲ ಹೇಳ್ಕೊಡ್ತೀರಿ. ನಾನು ದಡ್ಡಿ ಅಂತಲಾ?"

ಯಾವ ಮಗುವಿನ ಪ್ರಶ್ನೆಗೂ ಸೋಲದ ದೊಡ್ಡಪ್ಪ ಎದ್ದು ನಿಂತರು. ಪಾಠ ಮುಗಿಯಿತೆಂದು ಹೇಳಿ ಮಿಕ್ಕ ಮಕ್ಕಳನ್ನು ಮನೆಗೆ ಕಳಿಸಿಬಿಟ್ಟರು. ಮೊಮ್ಮಗಳು ಅಳತೊಡಗಿದಳು.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಕ್ಕ ಹೊರಗೆ ಬಂದು, ಮಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅದೇ ಚಾಪೆಯ ಮೇಲೆ ಕೂತಳು.

"ಅಪ್ಪ, ನಂಗೆ ಎಲ್ಲ ಮರ್ತೋಗಿದೆ. ಮೊದಲಿಂದ ಹೇಳ್ಕೊಡಿ."

"ಇವಳು?"

"ಇವಳು ಮಡಿಲಲ್ಲಿದಾಳೆ ಅಷ್ಟೆ. ಪಾಠ ನಂಗೆ."

ದೊಡ್ಡಪ್ಪ ಮೊಣಕಾಲೂರಿ ಕೂತರು. ಮಗುವಿನ ಒಂದು ಕಿವಿ ತಾಯಿಯ ಎದೆಗೆ ಒತ್ತಿಕೊಂಡಿತ್ತು. ಇನ್ನೊಂದನ್ನು ತಮ್ಮ ಅಂಗೈಯಿಂದ ಮುಚ್ಚಿ, ಮಗಳ ಕಡೆ ಬಾಗಿ, ಪಿಸುದನಿಯಲ್ಲಿ ಪ್ರಾರ್ಥನೆಯ ಮೊದಲ ಸಾಲು ಹೇಳಿದರು. ಅಕ್ಕ ಹಿಂದೆಯೇ ಹೇಳಿದಳು. ಇದೇನೋ ಹೊಸ ಆಟವೆಂದು ಮಗು ಅಳು ನಿಲ್ಲಿಸಿತು.

ಆ ದಿನದ ನನ್ನ ಡೈರಿಯಲ್ಲಿ "ಸೆಕೆ, ಮಳೆಯಿಲ್ಲ" ಎಂದಷ್ಟೇ ಇದೆ. "ಅಪ್ಪ ಬೆರಳುಗಳ ನಡುವೆ ಸ್ವಲ್ಪ ಸಂದಿ ಬಿಟ್ಟಿದ್ದರು, ಮಗುವಿಗೆ ಕೇಳಿಸಿರುತ್ತದೆ" ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ನಾನು ಹೂಂ ಅನ್ನುತ್ತೇನೆ. ನನಗೆ ಕಂಡ ಕೈಯಲ್ಲಿ ಸಂದಿ ಇರಲಿಲ್ಲ.