ಒಂಬತ್ತು ಬಾಟಲಿ, ಒಂದು ಮೀಸೆ

ವಿಜ್ಞಾನದ ಮೇಷ್ಟ್ರು ಸೋಮವಾರ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಯುದ್ಧ ಸಾರಿದರು. ಶತ್ರುಪಾಳಯ ಅಲ್ಲೇ ಗೂಡಿನಲ್ಲಿತ್ತು. ಹೆಂಡತಿಯ ಶಾಂಪೂ, ಲೋಷನ್ನು, ಕ್ರೀಮು ಎಲ್ಲ ಸೇರಿ ಒಂಬತ್ತು ಬಾಟಲಿ. ಮೇಷ್ಟ್ರ ಪಾಲಿಗೆ ಮೂಲೆಯಲ್ಲಿ ಒಂದೇ ಒಂದು ಸೋಪು.

“ಇದರಲ್ಲಿರೋ ರಾಸಾಯನಿಕ ಎಲ್ಲ ಮೈಮೇಲೇ ಕೂತಿರುತ್ತೆ ಅಂದ್ಕೊಂಡಿದ್ದೀಯಾ? ಚರ್ಮ ದಾಟಿ ರಕ್ತಕ್ಕಿಳಿಯುತ್ತೆ! ಪಾಪ, ಪಿತ್ತಜನಕಾಂಗ ಅದನ್ನ ಒಡೆದು ಪುಡಿ ಮಾಡ್ಬೇಕು, ಮೂತ್ರಪಿಂಡ ಸೋಸಿ ಆಚೆ ಹಾಕ್ಬೇಕು. ಬಹುಪಾಲು ಒಂದೆರಡು ದಿನದಲ್ಲಿ ಹೊರಟುಹೋಗುತ್ತೆ. ಆದ್ರೆ ನೀನು ದಿನಾ ತುಂಬಿಸ್ತಾನೇ ಇದ್ರೆ ಅವಕ್ಕೆ ರಜ ಯಾವಾಗ?”

“ನಿಮ್ಮ ಮೈಯಲ್ಲಿ ಏನೂ ಇಲ್ವೇನು?”

“ನನ್ನದು ಶುದ್ಧ ದೇಹ ಕಣೇ! ಬೇಕಾದ್ರೆ ಪರೀಕ್ಷೆ ಮಾಡಿಸು. ನಿನಗಿಂತ ಒಂದು ಚೂರು ಹೆಚ್ಚಿದ್ರೂ ಮೀಸೆ ಬೋಳಿಸ್ತೀನಿ. ನಿನ್ನದು ಹೆಚ್ಚಿದ್ರೆ ಒಂಬತ್ತೂ ಬಾಟಲಿ ಮನೆಯಿಂದಾಚೆ!”

ಹೆಂಡತಿ ತಕ್ಷಣ ತಮ್ಮನಿಗೆ ಫೋನು ಮಾಡಿದರು. ಇಂಥದ್ದನ್ನೇ ಅಳೆಯುವ ಪ್ರಯೋಗಾಲಯದಲ್ಲಿ ಅವನ ಕೆಲಸ. ಶನಿವಾರ ಬೆಳಿಗ್ಗೆ ಇಬ್ಬರ ಮೂತ್ರವೂ ಬೇಕು ಎಂದ.

ಮೀಸೆ ಸಾಮಾನ್ಯದ್ದಲ್ಲ. ಇಪ್ಪತ್ತೆರಡು ವರ್ಷ ಸಾಕಿ ಬೆಳೆಸಿದ್ದು. ಅದು ಒಮ್ಮೆ ಅಲುಗಿದರೆ ಸಾಕು, ಇಡೀ ಹತ್ತನೇ ತರಗತಿ ತೆಪ್ಪಗಾಗುತ್ತಿತ್ತು. ಅದು ಹೋದರೆ ಮೇಷ್ಟ್ರ ಗತಿಯೇನು? ಯಾವುದಕ್ಕೂ ಇರಲಿ ಎಂದು ಅವತ್ತಿನಿಂದ ಆ ಸೋಪನ್ನೂ ಬಿಟ್ಟರು. ಸ್ನಾನಕ್ಕೆ ಬರೀ ತಣ್ಣೀರು.

ಬುಧವಾರದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಗುರುವಾರ ಡ್ರಿಲ್ ಮೇಷ್ಟ್ರು ಮೂಗು ಹಿಡಿದುಕೊಂಡೇ ಬಂದರು.

“ಸಾರ್, ಬೇಜಾರು ಮಾಡ್ಕೋಬೇಡಿ. ಮಕ್ಕಳ ಜೊತೆ ಬಿಸಿಲಲ್ಲಿ ಓಡಿ ಬೆವರೋನು ನಾನು. ಆದ್ರೂ ನಿಮ್ಮ ಮುಂದೆ ನಾನು ಮಲ್ಲಿಗೆ.”

ಅಷ್ಟು ಹೇಳಿದವರೇ ಚೀಲದಿಂದ ಸ್ಪ್ರೇ ತೆಗೆದು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿಬಿಟ್ಟರು. ಬಿದ್ದದ್ದು ಶರ್ಟಿಗೆ ತಾನೇ, ಮೈಗಲ್ಲವಲ್ಲ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಎಂಟನೇ ತರಗತಿಗೆ ಚರ್ಮದ ಪಾಠ ಮಾಡುವ ಮಹಾನುಭಾವರು! ಶುಕ್ರವಾರ ಸಹೋದ್ಯೋಗಿಗಳ ಒಮ್ಮತದ ತೀರ್ಮಾನದಂತೆ ಪೀರಿಯಡ್ಡಿಗೊಂದು ಸಲ ಸ್ಪ್ರೇ ಆಯಿತು.

ಶನಿವಾರ ಇಬ್ಬರ ಮೂತ್ರವೂ ಪ್ರಯೋಗಾಲಯ ಸೇರಿತು. ಮುಂದಿನ ವಾರ ಭಾವಮೈದ ರಿಪೋರ್ಟು ಹಿಡಿದು ಖುದ್ದಾಗಿ ಬಂದ.

“ಅಕ್ಕಂದು ಇಲ್ಲ ಅನ್ನೋಷ್ಟು ಕಮ್ಮಿ. ಆದ್ರೆ ಭಾವ, ಸೆಂಟಿಗೆ ಸೇರಿಸೋ ರಾಸಾಯನಿಕ ನಿಮ್ಮದರಲ್ಲಿ ಅವಳದ್ದರ ಹದಿನಾಲ್ಕು ಪಟ್ಟು! ನೀವೇನು ಸೆಂಟು ಕುಡೀತೀರಾ?”

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. “ದಿನಾ ಬಳ್ಕೊಳ್ಳೋಳು ನೀನು! ನಿನ್ನದು ಹೇಗೆ ಕಮ್ಮಿ?”

“ಬುಧವಾರದಿಂದ ಒಂದು ಬಾಟಲೀನೂ ಮುಟ್ಟಿಲ್ಲ ರೀ. ನೀವು ಬಿಟ್ಟ ಸೋಪಲ್ಲೇ ಸ್ನಾನ ಮಾಡಿದೆ. ಎರಡು ದಿನದಲ್ಲಿ ಎಲ್ಲ ಹೊರಟುಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ! ಮದುವೆಯಾದಾಗಿಂದ ನಿಮ್ಮ ಪಾಠ ಗಮನ ಇಟ್ಟು ಕೇಳಿದ್ದು ಅವತ್ತೊಂದೇ ದಿನ.”

ಮಾತು ಅಂದರೆ ಮಾತು. ಮೇಷ್ಟ್ರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಲು ಗಂಟೆಯ ಮೇಲೆ ಹೊರಬಂದಾಗ ಮೂಗಿಗೂ ತುಟಿಗೂ ನಡುವೆ ಬಟ್ಟಬಯಲು.

ನಗಲೆಂದು ಬಾಯಿ ತೆರೆದ ಹೆಂಡತಿ ಹಾಗೇ ನಿಂತುಬಿಟ್ಟರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಆಮೇಲೆ ತಮ್ಮನನ್ನು ಪಕ್ಕಕ್ಕೆಳೆದು, ಮೇಷ್ಟ್ರಿಗೆ ಕೇಳುವಷ್ಟು ಜೋರಾಗಿಯೇ ಪಿಸುಗುಟ್ಟಿದರು:

“ಲೋ, ರಿಪೋರ್ಟು ಅದಲುಬದಲಾಗಿತ್ತು ಅಂತ ಹೇಳಿಬಿಡೋ. ಒಂಬತ್ತೂ ಬಾಟಲಿ ಇವತ್ತೇ ಬಿಸಾಕ್ತೀನಿ. ಇವರಿಗೆ ಮೀಸೆ ವಾಪಸ್ ಬಂದ್ರೆ ಸಾಕು!”