ಒಂದು ಮಾತಿಗೆ ಬೇಡ ಅಂದೆ

ಬೇಡ ಎನ್ನುವುದೇ ಮರ್ಯಾದೆ ಎಂದು ಕಲಿತು ಬೆಳೆದವನು ನಾನು. ಯಾರ ಮನೆಯಲ್ಲಾದರೂ ಕಾಫಿ ತಂದರೆ ಮೊದಲ ಸಲ 'ಅಯ್ಯೋ, ಈಗ ತಾನೇ ಆಯ್ತು' ಎನ್ನಬೇಕು. ಎರಡನೇ ಸಲ 'ಸುಮ್ನೆ ನಿಮಗೆ ತೊಂದರೆ' ಎನ್ನಬೇಕು. ಮೂರನೇ ಸಲಕ್ಕೆ 'ಬಲವಂತ ಮಾಡ್ತೀರಲ್ಲ' ಎಂದು ಲೋಟಕ್ಕೆ ಕೈ ಹಾಕಬೇಕು. ಇದು ನಮ್ಮಮ್ಮನ ಪಾಠ. ಮೊದಲ ಸಲಕ್ಕೇ ಕೈ ಚಾಚಿದರೆ ಮನೆಗೆ ಬಂದ ಮೇಲೆ ತೊಡೆ ಚಿವುಟುತ್ತಿದ್ದಳು. ಪೀಣ್ಯದ ಕಾರ್ಖಾನೆಯಲ್ಲಿ ಮಾಲೀಕರು ಕರೆದು ಫೋರ್‌ಮನ್ ಮಾಡುತ್ತೇನೆ ಎಂದಾಗಲೂ 'ನನಗ್ಯಾಕೆ ಸಾರ್' ಎಂದುಬಿಟ್ಟಿದ್ದೆ. ಪುಣ್ಯಕ್ಕೆ ಅವರೂ ನಮ್ಮಂಥವರೇ, ಇನ್ನೆರಡು ಸಲ ಕೇಳಿದರು. ಇಲ್ಲದಿದ್ದರೆ ರಿಟೈರ್ ಆಗುವ ದಿನವೂ ಲೇತ್ ಯಂತ್ರದ ಮುಂದೆಯೇ ನಿಂತಿರುತ್ತಿದ್ದೆ.

ಇಂಥ ಮರ್ಯಾದಸ್ಥನ ಮಾನ ಹೋದದ್ದು ವೈಟ್‌ಫೀಲ್ಡಿನಲ್ಲಿ. ನನ್ನ ಹೆಂಡತಿ ಸುಮಿತ್ರ ಟೀಚರ್ ಕೆಲಸದಿಂದ ನಿವೃತ್ತಳಾದದ್ದೇ ತಡ, ಅಲ್ಲಿನ ಹಳೇ ಬಂಗಲೆಯೊಂದರಲ್ಲಿ ಡೊರೀನ್ ಆಂಟಿ ನಡೆಸುವ ಜೋಡಿ ನೃತ್ಯದ ತರಗತಿಗೆ ಸೇರಿ ನನ್ನನ್ನೂ ಎಳೆದುಕೊಂಡಳು. ಆಂಟಿಗೆ ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ನನ್ನದಕ್ಕಿಂತ ನೆಟ್ಟಗಿದೆ. ಜಾಲಹಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಟೀಪಾಯಿಯನ್ನು ಗೋಡೆಗೆ ಒತ್ತಿ, 'ಒಂದು ಎರಡು ಮೂರು' ಎಂದು ಎಣಿಸುತ್ತ ಎರಡು ತಿಂಗಳು ವಾಲ್ಟ್ಸ್ ಅಭ್ಯಾಸ ಮಾಡಿದೆವು. ಕೆಳಗಿನ ಮನೆಯವರು ಒಂದು ದಿನ ಮೇಲೆ ಬಂದು, "ಸಾರ್, ಏನಾದ್ರೂ ರಿಪೇರಿ ನಡೀತಿದ್ಯಾ?" ಎಂದು ವಿಚಾರಿಸಿಕೊಂಡು ಹೋದರು. ನಿಜ ಹೇಳುತ್ತೇನೆ, ನನಗೆ ಖುಷಿಯೋ ಖುಷಿ. ಮೂವತ್ತೈದು ವರ್ಷದ ಸಂಸಾರದಲ್ಲಿ ಸುಮಿತ್ರಳ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಧಾರೆಯ ದಿನ ಮಾತ್ರ. ತರಗತಿಯವರಿಗಾಗಿ ಆಂಟಿ ಇಟ್ಟುಕೊಂಡಿದ್ದ ಭಾನುವಾರ ಮಧ್ಯಾಹ್ನದ ನೃತ್ಯಕೂಟದಲ್ಲಿ, ಎಲ್ಲರೆದುರು, ಕೊನೆಯ ವಾಲ್ಟ್ಸನ್ನು ಅವಳ ಜೊತೆ ಕುಣಿಯಬೇಕು ಎಂಬುದೊಂದೇ ನನ್ನ ಆಸೆ. ಅದಕ್ಕೆಂದೇ ಹೊಸ ಬೂಟು ಕೊಂಡಿದ್ದೆ.

ಕೂಟ ಶುರುವಾಗುವ ಮೊದಲೇ ಆಂಟಿ ಚಪ್ಪಾಳೆ ತಟ್ಟಿ ಹೇಳಿದರು: "ನೋಡಿ, ಇಲ್ಲಿ ಯಾರ್ ಬೇಕಾದ್ರೂ ಯಾರನ್ನ ಬೇಕಾದ್ರೂ ಕರೀಬಹುದು. ಬೇಡ ಅಂದ್ರೆ ನಗ್ತಾ ಥ್ಯಾಂಕ್ಯೂ ಹೇಳಿ ಹೊರಟುಬಿಡಿ. ಎರಡನೇ ಸಲ ಕೇಳಿ ಬಲವಂತ ಮಾಡಿದ್ರೆ ನನ್ ಕೈಲಿ ಏಟು ತಿಂತೀರ, ಹೇಳಿದ್ದೀನಿ!" ನಾನೂ ತಲೆಯಾಡಿಸಿದೆ. ಮಾತು ತಲೆಗೆ ಹೋಗಿತ್ತು, ನಾಲಿಗೆಗೆ ಇಳಿದಿರಲಿಲ್ಲ.

ಮೊದಲು ಕಂಪನಿ ಕೆಲಸದ ಹುಡುಗಿಯೊಬ್ಬಳು ಬಂದು, "ಅಂಕಲ್, ಡ್ಯಾನ್ಸ್ ಮಾಡೋಣ್ವಾ?" ಎಂದಳು. "ಅಯ್ಯೋ, ನಾನಾ? ಬೇಡಮ್ಮ" ಎನ್ನುತ್ತಲೇ ಅರ್ಧ ಎದ್ದೆ. ಅವಳು ನಕ್ಕು, ಥ್ಯಾಂಕ್ಯೂ ಹೇಳಿ ಹೋಗಿಯೇಬಿಟ್ಟಳು. ಎದ್ದ ಅರ್ಧವನ್ನು ಮತ್ತೆ ಕೂರಿಸಿದೆ. ಆಮೇಲೆ ಬಂದ ಇನ್ನೊಬ್ಬ ಹೆಂಗಸಿನ ಜೊತೆಯೂ ಅದೇ ಕಥೆ. ಹೋಗಲಿ, ಕೊನೆಯದು ಉಂಟಲ್ಲ ಎಂದು ಸಮೋಸ ತಿನ್ನುತ್ತ ಕಾದೆ.

ಕೊನೆಯ ವಾಲ್ಟ್ಸಿನ ಸಂಗೀತ ಶುರುವಾಯಿತು. ಮಾವಿನಹಣ್ಣಿನ ಬಣ್ಣದ ಸೀರೆಯುಟ್ಟ ಸುಮಿತ್ರ ಇಡೀ ಹಾಲು ದಾಟಿ ನನ್ನ ಮುಂದೆ ನಿಂತು ಕೈ ಚಾಚಿದಳು. "ಬರ್ತೀರಾ?" ಎಂದಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ ನನಗೆ ನಾಚಿಕೆಯೇ ಆಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ. ನನ್ನ ಹಾಳು ಬಾಯಿ, "ಛೆ, ನನ್ನನ್ಯಾಕೆ ಕರೀತೀಯ, ಬಿಡೇ" ಎಂದುಬಿಟ್ಟಿತು!

"ಪರವಾಗಿಲ್ಲ, ಥ್ಯಾಂಕ್ಯೂ" ಎಂದು ಸುಮಿತ್ರ ನಕ್ಕಳು. ಮರುಗಳಿಗೆ ವಾಯುಸೇನೆಯಿಂದ ನಿವೃತ್ತರಾದ ದೊಡ್ಡ ಮೀಸೆಯವರೊಬ್ಬರ ಜೊತೆ ಗಿರ್ರನೆ ತಿರುಗುತ್ತಿದ್ದಳು. ಬೇಡ ಅನ್ನುತ್ತಲೇ ಅವಳತ್ತ ಚಾಚಿದ್ದ ನನ್ನ ಕೈಗೆ ಬೇರೆ ಕೆಲಸವಿಲ್ಲದೆ ತಲೆ ಕೆರೆದುಕೊಂಡೆ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸುವವರೆಗೂ ನನ್ನ ಹೊಸ ಬೂಟನ್ನೇ ನೋಡುತ್ತ ಕೂತಿದ್ದೆ.

"ಯಾಕ್ರೀ ಬೇಡ ಅಂದ್ರಿ?" ಎಂದು ಕೊನೆಗೆ ಅವಳೇ ಕೇಳಿದಳು.

"ಒಂದು ಮಾತಿಗೆ ಅಂದೆ ಕಣೇ. ಇನ್ನೊಂದು ಸಲ ಕರೆದಿದ್ರೆ ಬರ್ತಿರ್ಲಿಲ್ವಾ?"

"ಎರಡನೇ ಸಲ ಕೇಳಬಾರದು ಅಂತ ಆಂಟಿ ಹೇಳಿರ್ಲಿಲ್ವಾ? ರೂಲ್ಸ್ ಅಂದ್ರೆ ರೂಲ್ಸ್."

ಸಂಜೆ ಮನೆಯಲ್ಲಿ ಟೀಪಾಯಿಯನ್ನು ಗೋಡೆಗೆ ಒತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆನ್ನು ಬಗ್ಗಿಸಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳಿಗೆ ಬಹುವಚನ ಹಚ್ಚಿದೆ: "ಮೇಡಂ, ನನ್ನ ಜೊತೆ ಒಂದು ವಾಲ್ಟ್ಸ್ ಕುಣೀತೀರಾ?"

ಸುಮಿತ್ರಳ ಮುಖ ಕೆಂಪಾಯಿತು. "ಅಯ್ಯೋ, ಹೋಗ್ರೀ! ಕುಕ್ಕರ್ ಇಟ್ಟಿದ್ದೀನಿ."

ನಾನೀಗ ಪಾಠ ಕಲಿತವನು. ನಕ್ಕೆ, ಥ್ಯಾಂಕ್ಯೂ ಎಂದೆ, ಬಂದು ಸೋಫಾದಲ್ಲಿ ಕೂತು ಪೇಪರ್ ಬಿಡಿಸಿದೆ. ನನ್ನ ಶಿಸ್ತನ್ನು ಡೊರೀನ್ ಆಂಟಿ ನೋಡಬೇಕಿತ್ತು ಎಂದುಕೊಂಡೆ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಯಾಕೋ ಜೋರಾಯಿತು. ಕುಕ್ಕರ್ ಮೂರು ಸಲ ಕೂಗಿತು. ಸುಮಿತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪೇಪರ್ ಕಿತ್ತುಕೊಂಡಳು.

"ಅಲ್ಲಾರೀ, ಇನ್ನೊಂದು ಸಲ ಕೇಳೋಕೆ ನಿಮಗೇನು ದಾಡಿ?"

ಎದ್ದು ಕೇಳಿದೆ. 'ಈಗ್ಯಾಕೆ' ಎಂದಳು. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಹಾಲಿನ ನಡುವೆ ಕೈ ಚಾಚಿ ನಿಂತಿದ್ದಳು. ನಮ್ಮಮ್ಮನನ್ನು ನೆನೆದು ಆ ಕೈ ಹಿಡಿದೆ, ಮೊದಲ ಸುತ್ತಿಗೇ ಅವಳ ಕಾಲು ತುಳಿದೆ.