ಎತ್ತಿನ ಮಂಡಿಯ ಬೇರು

ಔಷಧದ ಸರಕು ಹೊತ್ತ ಹಡಗೊಂದು ಬಂದರಿನಲ್ಲೇ ಸಿಕ್ಕಿಬಿದ್ದದ್ದೇ ಎಲ್ಲಕ್ಕೂ ಮೂಲ. ಚೀನೀ ಔಷಧದ ಅಂಗಡಿಯಲ್ಲಿ ‘ಎತ್ತಿನ ಮಂಡಿ’ ಎಂಬ ಮಂಡಿನೋವಿನ ಬೇರಿನ ಡಬ್ಬಿ ತಳ ಕಂಡಿತು.

ಅಲ್ಲಿನ ಕಂಪೌಂಡರನಿಗೆ ಗಿರಾಕಿಗಳಿಗಿಂತ ಮಾವನ ಚಿಂತೆ ಹೆಚ್ಚು. ಮಂಡಿನೋವೆಂದು ಬಂದ ಮಾವ ಮೇಲಂತಸ್ತಿನ ಮನೆಯಲ್ಲಿ ಅವನ ಮಂಚ ಹಿಡಿದಿದ್ದರು. ಅವನು ಊಟದ ಮೇಜಿನಡಿ ಮುದುರಿದ ಕೊಡೆಯಂತೆ ಮಲಗುತ್ತಿದ್ದ. ಮಂಡಿ ನೆಟ್ಟಗಾದರೆ ಮಾವ ಹೊರಡುತ್ತಾರೆ ಎಂಬುದು ಅವನ ನಂಬಿಕೆ.

“ಬೇರೆ ದಾರಿಯೇ ಇಲ್ವಾ ಸಾರ್?” ಎಂದ.

“ನಮ್ಮ ಉತ್ತರಾಣಿ ಗಿಡ ಅದರ ದಾಯಾದಿನೇ ಕಣಯ್ಯ,” ಎಂದರು ಅಂಗಡಿಯ ವೈದ್ಯರು. “ಪಾಳು ಜಾಗದಲ್ಲಿ ಹುಡುಕು. ತಂದು ನನಗೆ ತೋರಿಸು, ಆಮೇಲೆ ಕಷಾಯ.”

ಅವನು ರಜೆ ಹಾಕಿ ಮನೆಯ ಹಿಂದಿನ ಖಾಲಿ ನಿವೇಶನಕ್ಕೆ ಇಳಿದ. ಮೊಣಕಾಲೂರಿ ಒಂದೊಂದೇ ಗಿಡ ಸರಿಸಿ ನೋಡುತ್ತಿದ್ದಾಗ ಕೆಳಮನೆಯಾಕೆ ಕಿಟಕಿಯಿಂದ ಕತ್ತು ಚಾಚಿದಳು.

“ಏನ್ ಕಳ್ಕೊಂಡ್ರಿ?”

ಮಾವನನ್ನು ಸಾಗಹಾಕುವ ಬೇರು ಎನ್ನಲಾದೀತೇ? “ಏನೋ ಒಂದು ಬೇಕಾಗಿತ್ತು,” ಎಂದು ತೇಲಿಸಿದ.

“ಅಯ್ಯೋ, ಉಂಗುರ ಇರ್ಬೇಕು. ಪಾಪ, ಹೆಂಡ್ತಿಗೆ ಹೆದರಿ ಹೇಳ್ತಿಲ್ಲ.”

ಆಕೆಯ ಬಾಯಿಗೆ ಬಿದ್ದ ಸುದ್ದಿ ಲಿಫ್ಟಿಲ್ಲದ ಆ ಕಟ್ಟಡದಲ್ಲಿ ಲಿಫ್ಟಿಗಿಂತ ವೇಗವಾಗಿ ಮೇಲೇರಿತು. ಅಂತಸ್ತಿಗೊಬ್ಬರಂತೆ ಇಳಿದು ಬಂದರು. ಟ್ಯೂಷನ್ ಮೇಷ್ಟ್ರು ಕೋಲಿನಿಂದ ಕೆದಕಿದರು. ಇಸ್ತ್ರಿಯವನು ಗಿಡಗಳನ್ನು ಕಿತ್ತು ಕೊಡವಿ ಚರಂಡಿಗೆ ಎಸೆದ.

“ಗಿಡ ಕೀಳ್ಬೇಡಿ, ದಮ್ಮಯ್ಯ,” ಎಂದ ಕಂಪೌಂಡರ್.

“ಕೀಳದೆ ಉಂಗುರ ಹೇಗೆ ಸಿಗುತ್ತೆ? ಸುಮ್ನಿರಿ, ಮನುಷ್ಯಂಗೆ ಮನುಷ್ಯ ಆಗ್ಬೇಕು,” ಎಂದರು ಮೇಷ್ಟ್ರು.

ಅಷ್ಟರಲ್ಲಿ ಕಟ್ಟಡದ ಸೆಕ್ರೆಟರಿ ಹುಲ್ಲು ಕತ್ತರಿಸುವ ಯಂತ್ರವನ್ನೇ ಹೊರಡಿಸಿಕೊಂಡು ಬಂದರು. ಯಂತ್ರ ಗುರುಗುಡುತ್ತ ನಿವೇಶನವನ್ನು ಕ್ಷೌರ ಮಾಡತೊಡಗಿತು. ಗೋಡೆಯ ಮೂಲೆಯಲ್ಲಿ ಒಂದೇ ಒಂದು ಉತ್ತರಾಣಿ, ತೆನೆಯ ಮುಳ್ಳುಬೀಜಗಳನ್ನು ಕೆಳಮುಖ ಮಾಡಿಕೊಂಡು ನಿಂತಿದ್ದು ಅವನಿಗೆ ಕಂಡಿತು. ಯಂತ್ರವೂ ಅತ್ತಲೇ ತಿರುಗಿತು. ಕಂಪೌಂಡರ್ ಓಡಿ ಗಿಡದ ಮುಂದೆ ಅಡ್ಡ ಮಲಗಿಬಿಟ್ಟ.

“ತಲೆ ನೆಟ್ಟಗಿದೆಯೇನ್ರೀ?” ಸೆಕ್ರೆಟರಿ ಯಂತ್ರ ನಿಲ್ಲಿಸಿದರು.

“ಆಮೇಲೆ ಬೈರಿ. ಇದನ್ನ ಮಾತ್ರ ಬಿಡಲ್ಲ.”

ಉಗುರು ಮುರಿದರೂ ಬಿಡದೆ ಬುಡ ಅಗೆದ. ಅಂಗಿಗೆಲ್ಲ ಮುಳ್ಳುಬೀಜ ಅಂಟಿಸಿಕೊಂಡು, ಮುಳ್ಳುಹಂದಿಯಂತೆ ಅಂಗಡಿಗೆ ಓಡಿದ. ವೈದ್ಯರು ಬೇರನ್ನು ಮೂಸಿ, ಮುರಿದು ನೋಡಿ ಹೂಂಗುಟ್ಟಿದರು. ಮಧ್ಯಾಹ್ನ ಕಷಾಯ ಮಾವನ ಗಂಟಲಿಳಿಯಿತು.

ಬೇರಿನ ಗುಣವೋ, ಅಳಿಯನ ಅವತಾರ ಕಂಡ ಗಾಬರಿಯೋ, ಸಂಜೆಗೆ ಮಾವ ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದರು. ಉಸಿರೂ ಕಟ್ಟಿರಲಿಲ್ಲ.

ಕಂಪೌಂಡರ್ ಹಿಗ್ಗಿನಿಂದ ಕೋಣೆಗೆ ಹೋದ. ಮಂಚದ ಪಕ್ಕ ಮಾವನ ಪೆಟ್ಟಿಗೆ ಬೀಗ ಹಾಕಿಕೊಂಡು ಸಿದ್ಧವಾಗಿ ನಿಂತಿತ್ತು.

“ಆಗ್ಲೇ ಹೊರಟ್ರಾ ಮಾವ? ನಾಲ್ಕು ದಿನ ಇದ್ದು ಹೋಗಬಹುದಿತ್ತು,” ಎಂದ, ಬಾಯಿಮಾತಿಗೆ.

“ಬೆಳಿಗ್ಗೇನೇ ಕಟ್ಟಿದ್ದಪ್ಪ,” ಎಂದರು ಮಾವ, ಬೀಗ ತೆಗೆಯುತ್ತ. “ಈ ಮೆಟ್ಟಿಲು ನನ್ನ ಕೈಲಾಗಲ್ಲ ಅಂತ ಇವತ್ತು ಸಂಜೆ ದೊಡ್ಡ ಮಗಳ ಮನೆಗೆ ಹೋಗೋನಿದ್ದೆ. ಅವರದು ನೆಲಮಟ್ಟದ ಮನೆ ನೋಡು. ನೀನು ಆ ತಾಪತ್ರಯಾನೇ ತಪ್ಪಿಸಿದೆ. ಇನ್ನು ಇಲ್ಲೇ ಇದ್ದುಬಿಡ್ತೀನಿ.”

ಒಂದೊಂದೇ ಅಂಗಿಯನ್ನು ಅವನ ಬೀರುವಿಗೆ ಜೋಡಿಸುತ್ತ ಮುಂದುವರಿಸಿದರು:

“ನಿಮ್ಮತ್ತೇಗೂ ಫೋನ್ ಮಾಡ್ದೆ. ಅವಳಿಗೂ ಮಂಡಿನೋವಲ್ವಾ, ನಾಳೆ ಬರ್ತಾಳೆ.”